ಕೂರೋದಕ್ಕೊಂದು ಗ್ಲಾಸು

ಡಿಸೆಂಬರ್ ತಿಂಗಳ ಓದುಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹಳೆಯ ಇಂಗ್ಲಿಷ್ ಪಬ್ಬು, ಅಲ್ಲಿನ ಕ್ರಿಸ್‌ಮಸ್ ಪೇಯಗಳು ಅಂತ ವಿಷಯ ಹೇಳಿದಾಗ ಕೂಟದವರು ಸ್ವಲ್ಪ ಹಿಂದೆಮುಂದೆ ನೋಡಿದರು. "ಮೇಡಂ, ಕುಡಿಯೋದರ ಬಗ್ಗೆನಾ?" ಅಂತ ಕೇಳಿದರು. ಕೂರೋದರ ಬಗ್ಗೆ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಪಾಪ ಒಪ್ಪಿಕೊಂಡರು. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ನಾನು ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಎಪ್ಪತ್ತರ ದಶಕದ ನಡುವಿನಲ್ಲಿ ಇಂಗ್ಲೆಂಡಿಗೆ ಹೋದವಳು. ಬರ್ಮಿಂಗ್‌ಹ್ಯಾಮ್‌ನ ಪಶ್ಚಿಮಕ್ಕೆ ಬ್ಲ್ಯಾಕ್ ಕಂಟ್ರಿ ಅಂತ ಒಂದು ಸೀಮೆ ಇದೆ. ಕಲ್ಲಿದ್ದಲು, ಫೌಂಡ್ರಿ, ಸರಪಳಿ ಬಡಿಯುವ ಕುಲುಮೆಗಳು, ಹೊಗೆ. ಟೈಟಾನಿಕ್ ಹಡಗಿನ ದೊಡ್ಡ ಲಂಗರು ತಯಾರಾದದ್ದು ಅಲ್ಲಿನ ನೆದರ್ಟನ್ ಎಂಬ ಊರಿನಲ್ಲಿ. ಆ ಕಡೆಯ ಒಂದು ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ನನಗೆ ಕೆಲಸ ಸಿಕ್ಕಿತು. ವಯಸ್ಸಾದವರನ್ನು ನೋಡಿಕೊಳ್ಳುವ ವಿಭಾಗಕ್ಕೆ ಬಿಳಿ ಡಾಕ್ಟರುಗಳು ಬರುತ್ತಿದ್ದುದು ಕಡಿಮೆ. ಭಾರತ, ಪಾಕಿಸ್ತಾನ, ಶ್ರೀಲಂಕಾದ ನಮ್ಮಂಥವರೇ ಜಾಸ್ತಿ.

ಆ ವಾರ್ಡಿನಲ್ಲಿ ಸಂಜೆ ಹೊತ್ತು ನರ್ಸು ಔಷಧಿಯ ಗಾಡಿ ತಳ್ಳಿಕೊಂಡು ಬರುತ್ತಿದ್ದಳು. ಮೇಲಿನ ತಟ್ಟಿನಲ್ಲಿ ಮಾತ್ರೆಗಳು, ಸಿರಪ್ಪುಗಳು. ಕೆಳಗಿನ ತಟ್ಟಿನಲ್ಲಿ ಒಂದು ಶೆರಿ ಬಾಟಲಿ, ಜೊತೆಗೆ ಸ್ಟೌಟ್ ಅನ್ನೋ ಕಪ್ಪು ಬಿಯರಿನ ಸಣ್ಣ ಬಾಟಲಿಗಳು. ಶೆರಿ ಅಂದರೆ ಸ್ಪೇನಿನ ಹೆರೆಸ್ ಕಡೆಯ ವೈನು, ಸ್ವಲ್ಪ ಬ್ರಾಂದಿಯಂಥದ್ದು ಬೆರೆಸಿ ಗಟ್ಟಿ ಮಾಡಿದ್ದು. ಅದನ್ನು ಸುಮ್ನೆ ಕೊಡುವ ಹಾಗಿರಲಿಲ್ಲ, ಡಾಕ್ಟರು ಬರೆದುಕೊಡಬೇಕು. ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಿಂದ ಹೋದ ನಾನು, ರಕ್ತದೊತ್ತಡದ ಮಾತ್ರೆಯ ಕೆಳಗೆ "ಶೆರಿ, ರಾತ್ರಿ ಮಲಗುವ ಮುಂಚೆ" ಅಂತ ಬರೆದು ಸಹಿ ಹಾಕುತ್ತಿದ್ದೆ. ಹಸಿವಾಗಲಿ, ನಿದ್ದೆ ಬರಲಿ ಅನ್ನೋದು ಕಾರಣ. ಸಿರಪ್ಪು ಅಳೆಯುವ ಪುಟ್ಟ ಲೋಟದಲ್ಲೇ ಅದನ್ನೂ ಅಳೆದು ಕೊಡುತ್ತಿದ್ದರು. ಅಜ್ಜಿಯರು ಅದನ್ನು ಸಿರಪ್ಪಿನ ಹಾಗೆ ಗಟಕ್ಕನೆ ನುಂಗುತ್ತಿರಲಿಲ್ಲ. ಪಕ್ಕದ ಹಾಸಿಗೆಯವರ ಕಡೆ ತಿರುಗಿ, ಲೋಟ ಎತ್ತಿ ತೋರಿಸಿ, ಒಂದು ಚೂರು ಹೀರಿ, ಮಾತು ಶುರು ಮಾಡುತ್ತಿದ್ದರು. ಬೆಳಗ್ಗೆಯಿಂದ ಗೋಡೆ ನೋಡಿಕೊಂಡು ಮಲಗಿದ್ದವರು! ಇವರಿಗೆ ಔಷಧಿ ಯಾವುದು, ಶೆರಿಯಾ ಮಾತಾ ಅನ್ನೋ ಅನುಮಾನ ನನಗೆ ಬಂದದ್ದು ಅಲ್ಲಿ.

ಪಬ್ಬು ಅಂದ ಕೂಡಲೇ ನಮ್ಮ ಬಾರು ಕಣ್ಣಿಗೆ ಬರುತ್ತದೆ. ಮಂಕು ಬೆಳಕು, ಪರದೆ, ಒಬ್ಬರ ಮುಖ ಒಬ್ಬರು ನೋಡಬಾರದು ಅನ್ನೋ ಏರ್ಪಾಡು. ಆ ಕಾಲದ ಇಂಗ್ಲಿಷ್ ಪಬ್ಬು ಬೇರೆ ಥರ. ನಡೆಸುವವರು ಸಂಸಾರ ಸಮೇತ ಮಹಡಿಯ ಮೇಲೇ ಇರುತ್ತಿದ್ದರು. ಬಾಗಿಲ ಮೇಲೆ ಸಣ್ಣ ಅಕ್ಷರದಲ್ಲಿ ಲೈಸೆನ್ಸುದಾರರ ಹೆಸರು. ಒಳಗೆ ಹೋದರೆ ಒಂದೇ ಹಾಲ್ ಅಲ್ಲ, ಮೂರು ನಾಲ್ಕು ಕೋಣೆ. ಪಬ್ಲಿಕ್ ಬಾರ್ ಅನ್ನೋ ಕೋಣೆಯಲ್ಲಿ ಬರಿಯ ಹಲಗೆ ನೆಲ, ಡಾರ್ಟ್ಸು, ಡಾಮಿನೋ. ಫೌಂಡ್ರಿಯಿಂದ ಮಸಿ ಬಟ್ಟೆಯಲ್ಲೇ ಬಂದವರು ಕೂರುವುದು ಅಲ್ಲಿ. ಬಿಯರೂ ಕೆಲವು ಪೆನ್ನಿ ಅಗ್ಗ. ಲೌಂಜಿನಲ್ಲಿ ಕಾರ್ಪೆಟ್ಟು, ಮೆತ್ತನೆ ಸೀಟು, ಹೆಂಡತಿಯನ್ನು ಕರೆದುಕೊಂಡು ಬಂದರೆ ಅಲ್ಲಿ. ಸ್ಮೋಕ್ ರೂಮು ಇನ್ನೊಂದು, ಸ್ವಲ್ಪ 'ದೊಡ್ಡ' ಮನುಷ್ಯರದ್ದು. ಆಮೇಲೆ ಸ್ನಗ್ ಅಂತ ಒಂದು ಗೂಡು. ನಾಲ್ಕೈದು ಜನ ಹಿಡಿಸುವಷ್ಟು ಜಾಗ, ಉಜ್ಜಿದ ಗಾಜಿನ ಬಾಗಿಲು, ಕೌಂಟರಿಗೆ ಅದರದ್ದೇ ಕಿಟಕಿ. ವಯಸ್ಸಾದ ಹೆಂಗಸರು ಅಲ್ಲಿ ಕೋಟು ಬಿಚ್ಚದೆ ಕೂತು ಮಿಲ್ಕ್ ಸ್ಟೌಟ್ ಹೀರುತ್ತಿದ್ದರು. ಮಿಲ್ಕ್ ಸ್ಟೌಟ್ ಅಂದರೆ ಹಾಲಿನ ಸಕ್ಕರೆ ಹಾಕಿ ಸಿಹಿ ಮಾಡಿದ ಕಪ್ಪು ಬಿಯರು. ಮೈಗೆ ಒಳ್ಳೇದು ಅಂತ ಜಾಹೀರಾತೂ ಇತ್ತು. ಬಾಣಂತಿಯರಿಗೂ ಕುಡಿಸುತ್ತಿದ್ದರು, ನಂಬಿ! ಇವೆಲ್ಲ ಸಾಲದು ಅಂತ ಬೀದಿಯ ಕಡೆಗೆ ಇನ್ನೊಂದು ಕಿಟಕಿ. ಮನೆಯಿಂದ ಜಗ್ಗು ತಂದು ಬಿಯರು ತುಂಬಿಸಿಕೊಂಡು ಹೋಗುವವರಿಗೆ. ಬ್ಲ್ಯಾಕ್ ಕಂಟ್ರಿಯ ಕಡೆ ಅದನ್ನು 'ಔಟ್‌ಡೋರ್' ಅಂತಿದ್ದರು.

ಈಗಿನ ಇಂಗ್ಲಿಷರು ಹಳೆಯ ಪಬ್ಬು ನೆನೆಸಿಕೊಂಡು ಕಣ್ಣು ಒರೆಸಿಕೊಳ್ಳುವಾಗ ಬೆಂಕಿಗೂಡು, ಹಿತ್ತಾಳೆ, ಪಿಯಾನೋ ಎಲ್ಲ ಹೇಳುತ್ತಾರೆ. ಗೋಡೆಗಳನ್ನು ಹೇಳುವುದು ಕಡಿಮೆ. ಯಾರು ಎಲ್ಲಿ ಕೂರಬೇಕು ಅಂತ ಆ ಗೋಡೆಗಳು ಮೊದಲೇ ತೀರ್ಮಾನ ಮಾಡಿಟ್ಟಿದ್ದವು. ಯಾವ ಕೋಣೆಯೋ ಆ ಗ್ಲಾಸು.

ಗಂಡಸರದ್ದು ಸರಳ. ಪಬ್ಲಿಕ್ ಬಾರಿನಲ್ಲಿ ಮೈಲ್ಡ್, ಸ್ವಲ್ಪ ಕೈಯಾಡಿದರೆ ಬಿಟ್ಟರ್ ಅನ್ನೋ ಕಹಿ ಬಿಯರು. ಮೈಲ್ಡ್ ಅನ್ನೋದು ಕಪ್ಪಗಿನ, ಕಡಿಮೆ ಮತ್ತಿನ ಬಿಯರು. ಕರಗಿದ ಕಬ್ಬಿಣದ ಮುಂದೆ ಇಡೀ ದಿನ ಬೆವರು ಸುರಿಸಿದವನಿಗೆ ಬೇಕಾಗಿದ್ದುದು ನೀರು. ಅದಕ್ಕೇ ಅವರು ಪೈಂಟುಗಟ್ಟಲೆ (ಒಂದು ಪೈಂಟು ಅಂದರೆ ಅರ್ಧ ಲೀಟರಿಗೂ ಸ್ವಲ್ಪ ಜಾಸ್ತಿ) ಇಳಿಸಿದರೂ ನೆಟ್ಟಗೆ ನಡೆದು ಮನೆ ಸೇರುತ್ತಿದ್ದರು. ವುಲ್ವರ್‌ಹ್ಯಾಂಪ್ಟನ್‌ನ ಬ್ಯಾಂಕ್ಸಸ್, ಬರ್ಮಿಂಗ್‌ಹ್ಯಾಮ್‌ನ ಆನ್ಸೆಲ್ಸ್, ಎಂ ಅಂಡ್ ಬಿ ಅವರ ಬ್ರೂ ಇಲೆವೆನ್. ಈ ಬಿಯರುಗಳಲ್ಲಿ ಯಾವುದು ಮೇಲು ಅನ್ನೋ ಜಗಳ ವಾರ್ಡಿನಲ್ಲೂ ನಡೆಯುತ್ತಿತ್ತು. ಆನ್ಸೆಲ್ಸ್‌ನವರ ಆಸ್ಟನ್ ಕಾರ್ಖಾನೆ ಮುಷ್ಕರದ ನಂತರ 1981ರಲ್ಲಿ ಮುಚ್ಚಿದಾಗ ನನ್ನ ಒಬ್ಬ ರೋಗಿ ಸಾವಿನ ಮನೆಯವರ ಹಾಗೆ ಮುಖ ಮಾಡಿಕೊಂಡಿದ್ದ.

ಹೆಂಗಸರದ್ದು ಅಷ್ಟು ಸುಲಭ ಇರಲಿಲ್ಲ. ಪೈಂಟ್ ಗ್ಲಾಸು ಹಿಡಿದರೆ 'ಅಂಥವಳು' ಅನ್ನೋರು. ಸುಮ್ನೆ ಕೂತರೆ 'ಯಾರಿಗೆ ಕಾಯ್ತಿದ್ದಾಳೆ?' ಅನ್ನೋರು. ಪೋರ್ಟ್ ಅಂಡ್ ಲೆಮನ್ ಅಂತ ಒಂದಿತ್ತು. ಪೋರ್ಚುಗಲ್ಲಿನ ಸಿಹಿ ಕೆಂಪು ವೈನಿಗೆ ಲೆಮನೇಡ್ ಸುರಿದದ್ದು. ಲೆಮನೇಡ್ ಅಂದರೆ ನಮ್ಮ ನಿಂಬೆ ಪಾನಕ ಅಲ್ಲ, ಗ್ಯಾಸು ತುಂಬಿದ ಸಿಹಿ ಸೋಡಾ. ಆದರೆ ಅದು ಅಮ್ಮಂದಿರ ಕಾಲದ ಪೇಯ.

ಈ ತೊಂದರೆಗೆ ಪರಿಹಾರ ಬಂದದ್ದು ಸಾಮರ್‌ಸೆಟ್ ಸೀಮೆಯ ಶೆಪ್ಟನ್ ಮ್ಯಾಲೆಟ್ ಅನ್ನೋ ಸಣ್ಣ ಪೇಟೆಯಿಂದ. ಅಲ್ಲಿ ಶವರಿಂಗ್ ಅಂತ ಅಣ್ಣತಮ್ಮಂದಿರು ಹಣ್ಣಿನ ಮದ್ಯದ ವ್ಯಾಪಾರ ಮಾಡುತ್ತಿದ್ದರು. ಅವರಲ್ಲಿ ಫ್ರಾನ್ಸಿಸ್ ಶವರಿಂಗ್ ಪೇರ್ ಹಣ್ಣಿನ ರಸ ಹುಳಿಸಿ, ಗುಳ್ಳೆ ಬರುವ ಪೇಯವೊಂದನ್ನು ಮಾಡಿ, ಅಂಗೈಯಷ್ಟು ಬಾಟಲಿಯಲ್ಲಿ ತುಂಬಿ, 1953ರಲ್ಲಿ ದೇಶದ ತುಂಬಾ ಮಾರಾಟಕ್ಕೆ ಬಿಟ್ಟರು. ಹೆಸರು ಬೇಬಿಶಾಮ್. ಗುರುತು ಒಂದು ಪುಟಾಣಿ ಜಿಂಕೆಯಂಥ ಪ್ರಾಣಿ. ಶಾಂಪೇನಿಗೆ ಆಗ ಬಳಸುತ್ತಿದ್ದ ಅಗಲ ಬಾಯಿಯ, ಉದ್ದ ಕಾಲಿನ ಗ್ಲಾಸಿನ ಮೇಲೆ ಆ ಜಿಂಕೆಯ ಚಿತ್ರ ಅಚ್ಚು ಹಾಕಿಸಿ ಪಬ್ಬು ಪಬ್ಬಿಗೆ ಹಂಚಿದರು. "ನನಗೊಂದು ಬೇಬಿಶಾಮ್ ಇಷ್ಟ" ಅನ್ನೋ ಧಾಟಿಯ ಟಿವಿ ಜಾಹೀರಾತು ಮನೆಮಾತಾಯಿತು.

ರುಚಿಯ ಮಾತು ಆಮೇಲೆ. ಇಲ್ಲಿನ ಜಾಣತನ ನೋಡಿ. ಒಂದು ಬಾಟಲಿ, ಒಬ್ಬಳಿಗೆ. ಅವಳದ್ದೇ ಗ್ಲಾಸು. ಮೇಜಿನ ಮೇಲೆ ಇಟ್ಟರೆ ಚೆಂದ ಕಾಣುತ್ತದೆ. 'ನನಗೆ ಇದು ಬೇಕು' ಅಂತ ಬಾಯಿಬಿಟ್ಟು ಹೇಳಲು ಒಂದು ಹೆಸರು ಸಿಕ್ಕಿತು. ಅಲ್ಲಿಯವರೆಗೆ ಅವಳಿಗೆ ಏನು ಬೇಕು ಅಂತ ಗಂಡನೇ ಹೇಳುತ್ತಿದ್ದ. ಅದು ಕಂಪನಿಯವರ ವ್ಯಾಪಾರವೇ ಹೊರತು ಸ್ತ್ರೀ ವಿಮೋಚನೆ ಏನಲ್ಲ, ಒಪ್ಪಿದೆ. ಆದರೂ ನನ್ನ ವಾರ್ಡಿನ ಅಜ್ಜಿಯರು ತಮ್ಮ ಮೊದಲ ಬೇಬಿಶಾಮಿನ ಕಥೆ ಹೇಳುವಾಗ ರುಚಿ ಹೇಗಿತ್ತು ಅಂತ ಒಬ್ಬರೂ ಹೇಳುತ್ತಿರಲಿಲ್ಲ. ಯಾವ ಪಬ್ಬು, ಯಾವ ಫ್ರಾಕು, ಪಕ್ಕದಲ್ಲಿ ಯಾರು ಕೂತಿದ್ದರು, ಇಷ್ಟೇ.

ನಾನು ಕುಡಿಯುವವಳಲ್ಲ. ಹಾಗಾದರೆ ನನ್ನ ಕಥೆ ಏನು? ನಮ್ಮ ವಾರ್ಡ್ ಸಿಸ್ಟರ್, ಐರ್ಲೆಂಡಿನವರು, ಡ್ಯೂಟಿ ಮುಗಿದ ಮೇಲೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. "ಡಾಕ್ಟರ್, ರೂಮಿನಲ್ಲಿ ಒಬ್ಬರೇ ಕೂತು ಅಮ್ಮನಿಗೆ ಕಾಗದ ಬರೆದದ್ದು ಸಾಕು" ಅನ್ನೋರು. ಅಲ್ಲಿ ಹೋದರೆ ಬರೀ ನೀರು ಕೇಳುವ ಹಾಗಿಲ್ಲ, ಅದು ಮರ್ಯಾದೆ ಅಲ್ಲ. ಸಿಸ್ಟರ್ ನನಗೆ ಬ್ರಿಟ್ವಿಕ್ ಆರೆಂಜ್ ಕೇಳೋದು ಹೇಳಿಕೊಟ್ಟರು. ಎಸೆಕ್ಸ್ ಸೀಮೆಯ ಚೆಮ್ಸ್‌ಫರ್ಡ್‌ನಲ್ಲಿ 'ಬ್ರಿಟಿಷ್ ವಿಟಮಿನ್ ಪ್ರಾಡಕ್ಟ್ಸ್' ಅನ್ನೋ ಕಂಪನಿ ಶುರು ಮಾಡಿದ ಹಣ್ಣಿನ ರಸ ಅದು. ಬೇಬಿಶಾಮಿನಷ್ಟೇ ಪುಟ್ಟ ಬಾಟಲಿ. ಕೌಂಟರಿನಾಕೆ ಎಲ್ಲರನ್ನೂ "ಬ್ಯಾಬ್" ಅಂತ ಪ್ರೀತಿಯಿಂದ ಕರೆಯೋಳು, ನನ್ನನ್ನೂ. "ಇಗೋ ಬ್ಯಾಬ್" ಅಂತ ಕಾಲಿರುವ ಗ್ಲಾಸಿಗೆ ರಸ ಸುರಿದು, ಒಂದು ಕೆಂಪು ಚೆರ್ರಿ ಹಾಕಿ ಕೊಡುತ್ತಿದ್ದಳು. ಒಂದು ಸಂಜೆ ಪೂರ್ತಿ ಆ ಒಂದು ಗ್ಲಾಸು.

ನಮ್ಮ ಹಳೆಯ ಹೋಟೆಲುಗಳಲ್ಲಿ ಒಂದು ಬೈ-ಟೂ ಕಾಫಿ ಹೇಳಿ ಎಲ್ಲ ಪೇಪರೂ ಓದಿ ಮುಗಿಸುವವರು ಇರುತ್ತಿದ್ದರಲ್ಲ? ಅವರು ದುಡ್ಡು ಕೊಡುತ್ತಿದ್ದುದು ಕಾಫಿಗೋ ಕುರ್ಚಿಗೋ? ಪಬ್ಬಿನಲ್ಲಿ ನನ್ನ ಆರೆಂಜ್ ಜ್ಯೂಸೂ ಅದೇ.

ಇನ್ನೊಂದು ಕಟ್ಟುಪಾಡು ರೌಂಡಿನದ್ದು. ಐದು ಜನ ಕೂತರೆ ಒಬ್ಬೊಬ್ಬರು ಒಂದೊಂದು ಸಲ ಐವರಿಗೂ ತರಬೇಕು. ನಾನು ಕುಡಿಯುವುದು ಜ್ಯೂಸು, ಹಾಗಾಗಿ ನನ್ನ ಪಾಲು ಬಿಡಿ ಅಂದರೆ ಯಾರೂ ಒಪ್ಪುವುದಿಲ್ಲ. ದುಡ್ಡಿನ ವಿಷಯ ಅಲ್ಲ. ರೌಂಡು ತಾರದವನು ಗುಂಪಿನವನಲ್ಲ, ಅಷ್ಟೇ. ಕೌಂಟರಿನಲ್ಲಿ ಆರ್ಡರ್ ಕೊಟ್ಟು ಕೊನೆಗೆ "ನಿಮಗೂ ಒಂದು" ಅನ್ನಬೇಕು. ಆಕೆ "ಥ್ಯಾಂಕ್ಯೂ ಬ್ಯಾಬ್" ಅಂತ ಹೇಳಿ ಒಂದು ಗ್ಲಾಸಿನ ದುಡ್ಡು ಪಕ್ಕಕ್ಕೆ ಇಟ್ಟುಕೊಳ್ಳುತ್ತಾಳೆ. ಟಿಪ್ಸ್ ಅಂತ ಕೈಗೆ ಕೊಟ್ಟರೆ ಅವಮಾನ, ಹೀಗೆ ಕೊಟ್ಟರೆ ಸ್ನೇಹ.

ಡಿಸೆಂಬರ್ ಬಂತು ಅಂದರೆ ಗ್ಲಾಸುಗಳೇ ಬದಲಾಗುತ್ತಿದ್ದವು. ವರ್ಷವಿಡೀ ಪಬ್ಬಿನ ಕಡೆ ತಲೆ ಹಾಕದವರೂ ಬರುತ್ತಿದ್ದರು. ಚರ್ಚಿನ ಹೆಂಗಸರು, ಸೊಂಟ ಹಿಡಿದ ಮುದುಕರು, ಸೊಸೆಯ ಜೊತೆ ಮಾತು ಬಿಟ್ಟ ಅತ್ತೆಯರು. ಇವರಿಗೆ ಬಿಯರು ಆಗದು, ವಿಸ್ಕಿ ಜಾಸ್ತಿಯಾಯಿತು. ಇವರಿಗಾಗಿಯೇ ಇದ್ದದ್ದು ಸ್ನೋಬಾಲ್.

ಅದನ್ನು ಮಾಡುವುದನ್ನು ನೋಡಬೇಕು. ಆಡ್ವೊಕಾಟ್ ಅಂತ ಡಚ್ಚರ ಪೇಯ ಇದೆ. ಮೊಟ್ಟೆಯ ಹಳದಿ, ಸಕ್ಕರೆ, ಬ್ರಾಂದಿ ಸೇರಿಸಿ ಮಾಡಿದ್ದು. ಹಾಲೆಂಡಿನಲ್ಲಿ ಅದನ್ನು ಚಮಚದಲ್ಲಿ ತಿನ್ನುತ್ತಾರೆ, ಅಷ್ಟು ಗಟ್ಟಿ. ಇಂಗ್ಲೆಂಡಿಗೆ ಬರುವುದು ಸ್ವಲ್ಪ ತೆಳ್ಳಗಿನದು, ವಾರ್ನಿಂಕ್ಸ್ ಹೆಸರಿನ ಬಾಟಲಿಯಲ್ಲಿ. ನಮ್ಮ ಪಬ್ಬಿನಾಕೆ ಆ ಬಾಟಲಿಯನ್ನು ಕುಲುಕಿ, ಗ್ಲಾಸಿನ ತಳಕ್ಕೆ ಎರಡು ಬೆರಳಷ್ಟು ಸುರಿಯುತ್ತಿದ್ದಳು. ನಿಂಬೆ ರಸದ ನಾಲ್ಕು ಹನಿ. ಆಮೇಲೆ ಗ್ಲಾಸನ್ನು ಓರೆ ಹಿಡಿದು ಲೆಮನೇಡನ್ನು ನಿಧಾನಕ್ಕೆ, ನಿಧಾನಕ್ಕೆ. ಅವಸರ ಮಾಡಿದರೆ ಉಕ್ಕಿ ಕೌಂಟರು ತುಂಬಾ ಹರಿಯುತ್ತದೆ. ಹಳದಿ ತೆಳುವಾಗುತ್ತಾ ಬಂದು, ಮೇಲೆ ಬೆಳ್ಳಗೆ ನೊರೆ ಕಟ್ಟುತ್ತದೆ. ಕಡ್ಡಿಗೆ ಚುಚ್ಚಿದ ಚೆರ್ರಿಯನ್ನು ಗ್ಲಾಸಿನ ಅಂಚಿಗೆ ಅಡ್ಡ ಇಟ್ಟರೆ ಮುಗಿಯಿತು. ಜನವರಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಮನೆಗೆ ತಂದ ಬಾಟಲಿ ಅಲಮಾರಿಯ ಹಿಂದೆ ಕೂತು, ಮುಚ್ಚಳ ಅಂಟಿಕೊಂಡು, ಮುಂದಿನ ಡಿಸೆಂಬರಿಗೆ ಕಾಯುತ್ತದೆ.

ಜಿಂಜರ್ ವೈನ್ ಇನ್ನೊಂದು. ಶುಂಠಿ, ಒಣದ್ರಾಕ್ಷಿಯ ವೈನು. ಸ್ಟೋನ್ಸ್ ಅನ್ನೋ ಲಂಡನ್ ಬ್ರಾಂಡಿನವರು ತಮ್ಮ ಹುಟ್ಟಿದ ವರ್ಷ 1740 ಅಂತ ಬಾಟಲಿಯ ಮೇಲೇ ಹಾಕಿಕೊಳ್ಳುತ್ತಾರೆ. ಅದಕ್ಕೆ ವಿಸ್ಕಿ ಬೆರೆಸಿದರೆ ವಿಸ್ಕಿ ಮ್ಯಾಕ್. ಇಂಡಿಯಾದಲ್ಲಿದ್ದ ಹೆಕ್ಟರ್ ಮ್ಯಾಕ್‌ಡೊನಾಲ್ಡ್ ಅನ್ನೋ ಬ್ರಿಟಿಷ್ ಸೇನೆಯ ಕರ್ನಲ್ ಇದನ್ನು ಕಂಡುಹಿಡಿದ ಅಂತ ಕಥೆ ಇದೆ. ಸುಡುವ ಬಿಸಿಲಿನಲ್ಲಿ ಕೂತು ಯಾಕೆ ಮೈ ಬಿಸಿ ಮಾಡುವ ಪೇಯ ಕಂಡುಹಿಡಿದನೋ, ಅವನೇ ಹೇಳಬೇಕು.

ಮನೆಯೊಳಗೆ ಶೆರಿಯೇ ರಾಜ. ಮಕ್ಕಳು ಮಲಗುವ ಮುಂಚೆ ಕ್ರಿಸ್‌ಮಸ್ ತಾತನಿಗೆ ಅಂತ ಒಂದು ಮಿನ್ಸ್ ಪೈ (ಒಣಹಣ್ಣಿನ ಹೂರಣದ ಸಣ್ಣ ಕಡುಬು), ಒಂದು ಗ್ಲಾಸು ಶೆರಿ, ಹಿಮಸಾರಂಗಕ್ಕೆ ಒಂದು ಕ್ಯಾರೆಟ್ ಇಡುತ್ತಿದ್ದರು. ಬೆಳಗ್ಗೆ ಗ್ಲಾಸು ಖಾಲಿ. ಅಪ್ಪಂದಿರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಪಾರ್ಟಿ ಇದ್ದರೆ ವಾಟ್ನೀಸ್ ಕಂಪನಿಯ ಪಾರ್ಟಿ ಸೆವೆನ್. 1968ರಲ್ಲಿ ಬಂದ ದೊಡ್ಡ ತಗಡಿನ ಡಬ್ಬ, ಒಳಗೆ 7 ಪೈಂಟು ಬಿಯರು. ಅದನ್ನು ತೆಗೆಯಲು ಸುತ್ತಿಗೆ, ಸ್ಕ್ರೂಡ್ರೈವರು. ಮೊದಲ ಪೈಂಟು ಚಾವಣಿಗೆ! ಬಿಯರಿನ ರುಚಿ ಬಗ್ಗೆ ಜನರಿಗೆ ಎಷ್ಟು ಸಿಟ್ಟಿತ್ತೆಂದರೆ, ಗ್ಯಾಸು ತುಂಬಿದ ಇಂಥ ಕಾರ್ಖಾನೆ ಬಿಯರಿನ ವಿರುದ್ಧವೇ 1971ರಲ್ಲಿ ನಾಲ್ವರು ಗೆಳೆಯರು ಒಂದು ಚಳವಳಿ ಕಟ್ಟಿದರು. ಕ್ಯಾಮ್ರಾ ಅಂತ ಅದರ ಹೆಸರು, ಇವತ್ತಿಗೂ ಇದೆ.

ಆಸ್ಪತ್ರೆಯ ಕ್ರಿಸ್‌ಮಸ್ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹಿಂದಿನ ಸಂಜೆ ನರ್ಸುಗಳು ತಮ್ಮ ಕಡುನೀಲಿ ಮೇಲಂಗಿಯನ್ನು ತಿರುವಿ ಹಾಕಿಕೊಳ್ಳುತ್ತಿದ್ದರು. ಒಳಗಿನ ಕೆಂಪು ಬಟ್ಟೆ ಹೊರಗೆ. ವಾರ್ಡಿನ ದೀಪ ಆರಿಸಿ, ಕೈಯಲ್ಲಿ ಲಾಟೀನು ಹಿಡಿದು ಹಾಡುತ್ತಾ ಹಾಸಿಗೆಗಳ ನಡುವೆ ಬರುತ್ತಿದ್ದರು. ಮರುದಿನ ಮಧ್ಯಾಹ್ನ ದೊಡ್ಡ ಡಾಕ್ಟರು, ಅಂದರೆ ಕನ್ಸಲ್ಟೆಂಟು, ಅಡುಗೆಯವರ ಟೋಪಿ ಹಾಕಿಕೊಂಡು ವಾರ್ಡಿನಲ್ಲೇ ನಿಂತು ಟರ್ಕಿ ಕೋಳಿ ಕತ್ತರಿಸಿ ಬಡಿಸಬೇಕು. ವರ್ಷವಿಡೀ ರೋಗಿಯ ಮುಖ ನೋಡದೆ ಚಾರ್ಟು ನೋಡಿ ಹೋಗುವವರು ಅವತ್ತು "ಇನ್ನೊಂದು ತುಂಡು ಹಾಕಲೇ?" ಅನ್ನೋರು. ಸಸ್ಯಾಹಾರಿಯಾದ ನನಗೆ ಬೇಯಿಸಿದ ಪುಟಾಣಿ ಎಲೆಕೋಸು ಬಿಟ್ಟರೆ ಏನಿಲ್ಲ. ಆಲೂಗಡ್ಡೆ ಹುರಿದದ್ದು ಕೊಬ್ಬಿನಲ್ಲಿ, ಪುಡ್ಡಿಂಗಿನಲ್ಲಿ ಕೊಬ್ಬು, ಟ್ರೈಫಲ್ ಅನ್ನೋ ಕೇಕು-ಕಸ್ಟರ್ಡಿನ ಸಿಹಿಯಲ್ಲಿ ಶೆರಿ. ಸಿಸ್ಟರ್ ನನಗೆ ಅಂತಲೇ ಒಂದು ಬ್ರಿಟ್ವಿಕ್ ಬಾಟಲಿ ಫ್ರಿಜ್ಜಿನಲ್ಲಿ, ಇನ್ಸುಲಿನ್ ಪಕ್ಕ, ಬಚ್ಚಿಟ್ಟಿರುತ್ತಿದ್ದರು.

ಡ್ಯೂಟಿ ಇಲ್ಲದವರ ಮನೆಗಳಲ್ಲಿ ಆಗಿನ ಕ್ರಿಸ್‌ಮಸ್ ದಿನದ ಕ್ರಮ ಬೇರೆ. ಮಧ್ಯಾಹ್ನ 12ಕ್ಕೆ ಪಬ್ಬು ತೆಗೆಯುತ್ತಿತ್ತು, ಸ್ವಲ್ಪ ಹೊತ್ತು ಮಾತ್ರ. ಗಂಡಸರೆಲ್ಲ ಹೊಸ ಸ್ವೆಟರು ಹಾಕಿಕೊಂಡು ಹೊರಡುತ್ತಿದ್ದರು. ಅಂದು ಮಾಲೀಕನ ಕಡೆಯಿಂದ ಒಂದು ಗ್ಲಾಸು ಪುಕ್ಕಟೆ. ಗಂಟೆ ಬಾರಿಸಿ "ಟೈಮ್ ಜೆಂಟಲ್‌ಮೆನ್ ಪ್ಲೀಸ್" ಅಂದ ಮೇಲೆ ಎದ್ದು ಮನೆಗೆ ಬಂದು, ಊಟ ಮುಗಿಸಿ, 3 ಗಂಟೆಗೆ ಟಿವಿಯಲ್ಲಿ ರಾಣಿಯ ಭಾಷಣ ನೋಡುತ್ತಿದ್ದರು. ಎಷ್ಟು ಚೆಂದದ ನೆನಪು ಅಂತ ಹೇಳುತ್ತಾರೆ. ಚೆಂದವೇ. ಆದರೆ ಅವರು ಹೋಗಿದ್ದಾಗ ಕೋಳಿ ಬೇಯಿಸಿದವರು ಯಾರು? ಆ ಹೆಂಗಸರ ಕೈಯಲ್ಲಿ ಇದ್ದದ್ದು ಒಲೆಯ ಪಕ್ಕ ಇಟ್ಟ ಶೆರಿ ಗ್ಲಾಸು. ಜೊತೆಗೆ ಕೂರುವವರು ಯಾರೂ ಇಲ್ಲ.

ಈ ಮಧ್ಯಾಹ್ನ ಮುಚ್ಚುವ ಪದ್ಧತಿ ಮೊದಲ ಮಹಾಯುದ್ಧದ ಪಳೆಯುಳಿಕೆ. ಮದ್ದುಗುಂಡು ಕಾರ್ಖಾನೆಯವರು ಕುಡಿದು ಕೆಲಸಕ್ಕೆ ಬರುತ್ತಾರೆ ಅಂತ ಸರ್ಕಾರ ಪಬ್ಬಿನ ಸಮಯ ಕತ್ತರಿಸಿತು. ಯುದ್ಧ ಮುಗಿದರೂ ಕಾನೂನು ಮುಗಿಯಲಿಲ್ಲ. 1988ರವರೆಗೂ ಮಧ್ಯಾಹ್ನ ಪಬ್ಬಿನ ಬಾಗಿಲು ಹಾಕಿಯೇ ಇರುತ್ತಿತ್ತು.

ಈಗ ಗೋಡೆಯ ವಿಷಯಕ್ಕೆ ಬರುತ್ತೇನೆ. ನನ್ನ ಆಸ್ಪತ್ರೆಗೆ ಹತ್ತಿರವೇ ಸ್ಮೆದಿಕ್ ಅಂತ ಊರು. ಅಲ್ಲಿನ ಫೌಂಡ್ರಿಗಳಲ್ಲಿ ಸಾವಿರಾರು ಪಂಜಾಬಿಗಳು ದುಡಿಯುತ್ತಿದ್ದರು. ಐವತ್ತು, ಅರವತ್ತರ ದಶಕದಲ್ಲಿ ಅಲ್ಲಿನ ಎಷ್ಟೋ ಪಬ್ಬುಗಳಲ್ಲಿ ಅವರಿಗೆ ಪಬ್ಲಿಕ್ ಬಾರ್ ಮಾತ್ರ. ಸ್ಮೋಕ್ ರೂಮು, ಲೌಂಜು ಬಿಳಿಯರಿಗೆ. ಕೆಲವು ಕಡೆ ಒಳಗೇ ಬಿಡುತ್ತಿರಲಿಲ್ಲ. ಇದರ ವಿರುದ್ಧ ಹೋರಾಡಿದವರಲ್ಲಿ ಅವತಾರ್ ಸಿಂಗ್ ಜೌಹಲ್ ಒಬ್ಬರು. 1958ರಲ್ಲಿ ಜಲಂಧರ್ ಕಡೆಯಿಂದ ಬಂದು ಫೌಂಡ್ರಿ ಸೇರಿದವರು, ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನ ಮುಂದಾಳು. ಅವರು ಒಂದು ಉಪಾಯ ಮಾಡಿದರು. ಬಿಳಿಯ ವಿದ್ಯಾರ್ಥಿಗಳನ್ನು ಮೊದಲು ಒಳಗೆ ಕಳಿಸುವುದು. ಅವರು ನಿರಾತಂಕವಾಗಿ ಬಿಯರು ತೆಗೆದುಕೊಂಡ ಮೇಲೆ ಇವರು ಹೋಗಿ ಅದನ್ನೇ ಕೇಳುವುದು. ಇಲ್ಲ ಅಂದರೆ ಸಾಕ್ಷಿ ಸಮೇತ ದೂರು.

1965ರ ಫೆಬ್ರವರಿ 12ರಂದು ಅಮೆರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೆ ಬಂದರು. ಮಾರ್ಷಲ್ ಸ್ಟ್ರೀಟ್ ಎಂಬ ಬೀದಿಯ ಮನೆಗಳನ್ನು ಬಿಳಿಯರಿಗೇ ಮೀಸಲಿಡಬೇಕು ಅನ್ನೋ ಗಲಾಟೆ ಆಗ ನಡೆಯುತ್ತಿತ್ತು. ಆ ಬೀದಿಯಲ್ಲಿ ನಡೆದಾಡಿದ ಮೇಲೆ ಮಾಲ್ಕಮ್ ಎಕ್ಸ್ ಅವರನ್ನು ಜೌಹಲ್ ಬ್ಲೂ ಗೇಟ್ಸ್ ಎಂಬ ಪಬ್ಬಿಗೆ ಕರೆದುಕೊಂಡು ಹೋದರು. ಸ್ಮೋಕ್ ರೂಮಿನಲ್ಲಿ ಏನೂ ಕೊಡುವುದಿಲ್ಲ, ಬೇಕಾದರೆ ಪಬ್ಲಿಕ್ ಬಾರಿಗೆ ಹೋಗಿ ಅಂದರು ಪಬ್ಬಿನವರು. ಮಾಲ್ಕಮ್ ಎಕ್ಸ್ ಮದ್ಯ ಮುಟ್ಟದ ಮುಸ್ಲಿಂ. ಅವರಿಗೆ ಬೇಕಾಗಿದ್ದುದು ಪೇಯ ಅಲ್ಲವೇ ಅಲ್ಲ, ನೋಡಿ. ಒಂಬತ್ತು ದಿನಗಳ ನಂತರ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಅದೇ ವರ್ಷದ ಕೊನೆಗೆ ಬ್ರಿಟನ್ನಿನಲ್ಲಿ ರೇಸ್ ರಿಲೇಷನ್ಸ್ ಕಾಯ್ದೆ ಬಂತು. ಪಬ್ಬಿನಂಥ ಸಾರ್ವಜನಿಕ ಜಾಗದಲ್ಲಿ ಬಣ್ಣ ನೋಡಿ ಹೊರಗಿಡುವುದು ಕಾನೂನಿಗೆ ವಿರುದ್ಧವಾಯಿತು.

ಹೆಂಗಸರಿಗೆ ಇನ್ನೂ ತಡ. ಲಂಡನ್‌ನ ಫ್ಲೀಟ್ ಸ್ಟ್ರೀಟ್‌ನಲ್ಲಿ ಎಲ್ ವಿನೋ ಅಂತ ಪತ್ರಕರ್ತರ ವೈನ್ ಬಾರು. ಹೆಂಗಸರು ಕೌಂಟರಿನ ಮುಂದೆ ನಿಂತು ಕೇಳುವ ಹಾಗಿರಲಿಲ್ಲ, ಹಿಂದಿನ ಕೋಣೆಯಲ್ಲಿ ಕೂರಬೇಕು. ಟೆಸ್ ಗಿಲ್, ಆನಾ ಕೂಟ್ ಎಂಬ ಇಬ್ಬರು ಕೋರ್ಟಿಗೆ ಹೋದರು. ಇದು ತಪ್ಪು ಅಂತ ತೀರ್ಪು ಬಂದದ್ದು 1982ರಲ್ಲಿ. ನಾನು ಆಗಲೇ ಅಲ್ಲಿ ವರ್ಷಗಳಿಂದ ಡಾಕ್ಟರಾಗಿದ್ದೆ!

ಆಮೇಲೆ ಒಂದು ತಮಾಷೆ ನಡೆಯಿತು. ಬಿಳಿಯರು ಬಿಟ್ಟುಹೋದ, ನಷ್ಟದಲ್ಲಿದ್ದ ಪಬ್ಬುಗಳನ್ನು ಪಂಜಾಬಿಗಳೇ ತೆಗೆದುಕೊಂಡರು. ಸ್ಮೆದಿಕ್, ವೆಸ್ಟ್ ಬ್ರಾಮಿಚ್‌ನಲ್ಲಿ ಇವತ್ತು ಅವಕ್ಕೆ ದೇಸಿ ಪಬ್ಬು ಅಂತಾರೆ. ಮೈಲ್ಡ್ ಬಿಯರಿನ ಪಕ್ಕ ಕಬ್ಬಿಣದ ತಟ್ಟೆಯಲ್ಲಿ ಬುಸುಗುಡುವ ಟಿಕ್ಕಾ. ಹಳೆಯ ಡಾರ್ಟ್ಸ್ ಬೋರ್ಡು ಹಾಗೇ ಇದೆ. ಡಾರ್ಟ್ಸ್ ಎಸೆಯುವ ಬಿಳಿ ತಾತಂದಿರೂ ಹಾಗೇ ಇದ್ದಾರೆ. ಪನೀರ್ ಸಿಗುವುದರಿಂದ ನನಗೂ ಕೊನೆಗೆ ಪಬ್ಬಿನಲ್ಲಿ ತಿನ್ನಲು ಏನೋ ಸಿಕ್ಕಿತು. ಹಳೆಯ ಪಬ್ಬು ಸತ್ತುಹೋಯಿತು ಅಂತ ಅಳುವವರು ಒಮ್ಮೆ ಇಲ್ಲಿಗೆ ಬರಬೇಕು ಅನ್ನೋದು ನನ್ನ ಅಭಿಪ್ರಾಯ.

ಸತ್ತದ್ದೂ ನಿಜ, ಇಲ್ಲ ಅನ್ನುವುದಿಲ್ಲ. 1980ರಲ್ಲಿ ಸುಮಾರು 69,000 ಪಬ್ಬುಗಳಿದ್ದವು, ಈಗ 45,000ದ ಆಸುಪಾಸು. ಸೂಪರ್ ಮಾರ್ಕೆಟ್ಟಿನಲ್ಲಿ ಮದ್ಯ ಅಗ್ಗ. ಕುಡಿದು ಕಾರು ಓಡಿಸಿದರೆ ಸಿಕ್ಕಿಬೀಳುತ್ತಾರೆ, ಅದು ಒಳ್ಳೆಯದೇ. 2007ರ ಜುಲೈನಿಂದ ಒಳಗೆ ಸಿಗರೇಟು ಇಲ್ಲ. ನಮ್ಮ ಸೀಮೆಯ ಹಿಮ್ಲಿಯಲ್ಲಿ ಕ್ರೂಕೆಡ್ ಹೌಸ್ ಅಂತ ಒಂದು ಪಬ್ಬಿತ್ತು. 1765ರಲ್ಲಿ ಕಟ್ಟಿದ ತೋಟದ ಮನೆ. ಕೆಳಗೆ ಗಣಿ ತೋಡಿ ತೋಡಿ ಒಂದು ಕಡೆ ನಾಲ್ಕು ಅಡಿ ಕುಸಿದಿತ್ತು. ಕಿಟಕಿಯ ಕಟ್ಟೆಯ ಮೇಲೆ ಗೋಲಿ ಇಟ್ಟರೆ ಅದು ಏರಿನ ಕಡೆಗೆ ಉರುಳುವ ಹಾಗೆ ಕಾಣುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಹೋದರೆ ಗೋಲಿ ಬಿಟ್ಟು ಬರುತ್ತಿರಲಿಲ್ಲ. 2023ರ ಆಗಸ್ಟ್ 5ರಂದು ಅದು ಬೆಂಕಿಗೆ ಸಿಕ್ಕಿತು. ಎರಡೇ ದಿನಕ್ಕೆ ಪೂರ್ತಿ ನೆಲಸಮ. ಜನ ಎಷ್ಟು ರೊಚ್ಚಿಗೆದ್ದರೆಂದರೆ, ಮತ್ತೆ ಹಾಗೇ ಕಟ್ಟಿಕೊಡಿ ಅಂತ 2024ರಲ್ಲಿ ಕೌನ್ಸಿಲ್ಲು ಆದೇಶ ಹೊರಡಿಸಿತು. ಅದೇ ಸೊಟ್ಟ ಕಟ್ಟಡ, ಅದೇ ಸೊಟ್ಟದಲ್ಲಿ!

ಡಾಕ್ಟರಾಗಿ ಒಂದು ಮಾತು ಸೇರಿಸುತ್ತೇನೆ. ಇದೇ ಪಬ್ಬುಗಳಿಂದ ಲಿವರ್ ಕೆಟ್ಟು ಬಂದವರನ್ನೂ ನಾನು ನೋಡಿದ್ದೇನೆ. ಅದು ಬೇರೆಯೇ ಉಪನ್ಯಾಸ, ಕರೆದರೆ ಬರುತ್ತೇನೆ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

ಕೂಟದ ಹಿರಿಯರೊಬ್ಬರು, ತಮ್ಮ ಬಾಲ್ಯ ಬೆಂಗಳೂರಿನ ದಂಡು ಪ್ರದೇಶದಲ್ಲಿ ಕಳೆಯಿತು, ಪಕ್ಕದ ಆಂಗ್ಲೋ ಇಂಡಿಯನ್ ಆಂಟಿ ಡಿಸೆಂಬರಿನಲ್ಲಿ ಕೇಕಿನ ಜೊತೆ ದ್ರಾಕ್ಷಿ ವೈನು ಕಳಿಸುತ್ತಿದ್ದರು, ಅದೂ ಇದೇ ಸಾಲಿನದಾ ಅಂತ ಕೇಳಿದರು. ಹೌದು ಅಂದೆ. ದ್ರಾಕ್ಷಿ, ಸಕ್ಕರೆ, ಈಸ್ಟು, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ, ಎಲ್ಲ ಭರಣಿಗೆ ಹಾಕಿ ಬಟ್ಟೆ ಕಟ್ಟಿಡುವುದು. ನಿಮ್ಮ ಮನೆಯವರು ಕುಡಿಯುತ್ತಿದ್ದರಾ ಅಂತ ನಾನೂ ಕೇಳಿದೆ. "ಇಲ್ಲಮ್ಮ, ಅಮ್ಮ ತೆಗೆದುಕೊಂಡು ಒಳಗಿಡೋರು. ಆದರೆ ಖಾಲಿ ಬಾಟಲಿ ವಾಪಸ್ ಕೊಡೋವಾಗ ಚಕ್ಕಲಿ ಡಬ್ಬಿ ಜೊತೆಗೆ ಹೋಗಿ, ಒಂದು ಗಂಟೆ ಮಾತಾಡಿ ಬರೋರು" ಅಂದರು.

ಆಮೇಲೆ ಒಬ್ಬ ಹುಡುಗಿ ಎದ್ದು, ಬೇಬಿಶಾಮ್ ಈಗಲೂ ಸಿಗುತ್ತದಾ ಅಂತ ಕೇಳಿದಳು. ಸಿಗುತ್ತದೆ. ಬ್ರಾಂಡು ಕೈಯಿಂದ ಕೈಗೆ ಹೋಗಿ, 2021ರಲ್ಲಿ ಮತ್ತೆ ಶವರಿಂಗ್ ಮನೆತನದವರೇ ಕೊಂಡುಕೊಂಡರು. ಜಿಂಕೆಯ ಚಿತ್ರದ ಹಳೆಯ ಗ್ಲಾಸುಗಳನ್ನು ಸಂಗ್ರಹ ಮಾಡುವವರು ಇದ್ದಾರೆ.

"ರುಚಿ ಹೇಗಿರುತ್ತೆ ಮೇಡಂ?"

ನಾನು ಕುಡಿದಿಲ್ಲವಲ್ಲ ತಾಯಿ. ನಮ್ಮ ಸಿಸ್ಟರನ್ನು ಕೇಳಿದ್ದೆ. "ಸಿಹಿ. ಪೇರ್ ಹಣ್ಣಿನ ಸೋಡಾ. ಎರಡನೆಯದು ಕೇಳುವಂಥದ್ದೇನಲ್ಲ" ಅಂದಿದ್ದರು.